ಆಲ್ಟರ್ನೇಟಿವ್ ರಾಕ್ ಕೇಳುವವರಿಗೆ ರೇಡಿಯೋ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆ ಊಟದ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ನಡುರಾತ್ರಿಯ ವಾಟ್ಸ್ಆ್ಯಪ್‌ನಲ್ಲಿ ಜನ ನನಗೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ರುಚಿಯೂ ಸೇರಿಕೊಂಡಿದೆ. ಒಪ್ಪಿಗೆಯಾಗದಿದ್ದರೆ ಜಗಳಕ್ಕೆ ಸ್ವಾಗತ.

## ಈಗಷ್ಟೇ ಕಿವಿ ಕೊಟ್ಟವರಿಗೆ

ಆಲ್ಟರ್ನೇಟಿವ್ ರಾಕ್ ಅಂತಾರಲ್ಲ, ಯಾವುದಕ್ಕೆ ಆಲ್ಟರ್ನೇಟಿವ್ ಅದು?

ಹೆಚ್ಚುಕಮ್ಮಿ ರೇಡಿಯೋಗೇ. 1980ರ ದಶಕದಲ್ಲಿ ಅಮೆರಿಕದ ದೊಡ್ಡ ಎಫ್‌ಎಂ ಸ್ಟೇಷನ್‌ಗಳು ಜಾಹೀರಾತು ತರುವ ಹಾಡುಗಳನ್ನೇ ಮತ್ತೆ ಮತ್ತೆ ಹಾಕುತ್ತಿದ್ದವು. ಆರ್‌ಇಎಂ, ಹಸ್ಕರ್ ಡೂ, ಪಿಕ್ಸೀಸ್, ಸೋನಿಕ್ ಯೂತ್ ಥರದ ಬ್ಯಾಂಡುಗಳಿಗೆ ಅಲ್ಲಿ ಜಾಗ ಕಷ್ಟ. ಅವರ ಹಾಡು ಹಾಕಿದ್ದು ಕಾಲೇಜು ಹುಡುಗರು ನಡೆಸುತ್ತಿದ್ದ ಪುಟ್ಟ ರೇಡಿಯೋಗಳು. ಅದಕ್ಕೇ ಮೊದಮೊದಲು ಇದಕ್ಕೆ 'ಕಾಲೇಜ್ ರಾಕ್' ಅನ್ನುವ ಹೆಸರೂ ಇತ್ತು. 1988ರ ಸೆಪ್ಟೆಂಬರ್ 10ರಂದು ಬಿಲ್‌ಬೋರ್ಡ್ ಪತ್ರಿಕೆ ಇಂಥ ಹಾಡುಗಳಿಗೆಂದೇ 'ಮಾಡರ್ನ್ ರಾಕ್' ಅನ್ನುವ ಪಟ್ಟಿ ಶುರು ಮಾಡಿತು. ಮೊದಲ ವಾರದ ಮೊದಲ ಸ್ಥಾನ ಸೂಸಿ ಆ್ಯಂಡ್ ದಿ ಬ್ಯಾನ್‌ಶೀಸ್‌ಗೆ. 1991ರಲ್ಲಿ ನಿರ್ವಾಣ ಅನ್ನುವ ಬ್ಯಾಂಡ್ ಅಬ್ಬರಿಸಿದ ಮೇಲೆ ಪಕ್ಕದ ಓಣಿಯೇ ಮುಖ್ಯರಸ್ತೆಯಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. ನಮ್ಮ ಊರುಗಳಲ್ಲಿ ಎಷ್ಟು ಹಳೆಯದಾದರೂ 'ಹೊಸ ಬಸ್ ಸ್ಟ್ಯಾಂಡ್' ಹೊಸದೇ ಅಲ್ವಾ, ಹಾಗೆ.

ಸ್ಪಾಟಿಫೈ ಇರುವಾಗ ರೇಡಿಯೋ ಯಾರಿಗೆ ಬೇಕು ಗುರು?

ಆ್ಯಪ್ ನೀವು ನಿನ್ನೆ ಕೇಳಿದ್ದನ್ನು ನೋಡಿಕೊಂಡು ಇವತ್ತಿನದನ್ನು ಬಡಿಸುತ್ತದೆ. ಉಪ್ಪಿಟ್ಟು ಇಷ್ಟ ಅಂದರೆ ದಿನಾ ಉಪ್ಪಿಟ್ಟು. ಒಳ್ಳೆಯ ರೇಡಿಯೋದಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ. ನಿಮ್ಮ ಪರಿಚಯ ಅವನಿಗಿಲ್ಲ, ಆದರೆ ಹಾಡುಗಳ ಪರಿಚಯ ಚೆನ್ನಾಗಿದೆ. 1979ರ ಒಂದು ಪಂಕ್ ಹಾಡು ಹಾಕಿ, ಅದರ ಬೆನ್ನಿಗೇ ಮಾಲಿ ದೇಶದ ಗಿಟಾರ್ ಹಾಕಿ, ಎರಡಕ್ಕೂ ಏನು ನಂಟು ಅಂತ ಎರಡೇ ಮಾತಿನಲ್ಲಿ ಹೇಳುತ್ತಾನೆ. ಇಷ್ಟವಾಗದ ಹಾಡನ್ನೂ ಮೂರು ನಿಮಿಷ ಸಹಿಸಿಕೊಂಡು ಕೇಳಬೇಕಾಗುತ್ತದೆ. ನನಗೆ ಈಗ ಪ್ರಾಣವಾಗಿರುವ ಅರ್ಧದಷ್ಟು ಬ್ಯಾಂಡುಗಳು ಹಾಗೆ ಸಹಿಸಿಕೊಂಡು ಸಿಕ್ಕವು. ಹಾಗಾಗಿ ಸ್ಟೇಷನ್ ಹುಡುಕಬೇಡಿ, ನಿಮಗೆ ಒಗ್ಗುವ ಡಿಜೆಯನ್ನು ಹುಡುಕಿ.

ಹಾಸನದಲ್ಲಿ ಕೂತು ಅಮೆರಿಕದ ಎಫ್‌ಎಂ ಹೇಗೆ ಕೇಳೋದು? ಡೇಟಾ ಎಲ್ಲಾ ಖಾಲಿ ಆಗಲ್ವಾ?

ಎಫ್‌ಎಂ ಅಲೆ ನೂರು ಕಿಲೋಮೀಟರ್ ದಾಟುವುದೂ ಕಷ್ಟ. ನೀವು ಕೇಳುವುದು ಇಂಟರ್‌ನೆಟ್‌ನಲ್ಲಿ ಹರಿದು ಬರುವ ಅದೇ ಪ್ರಸಾರವನ್ನು. ಸ್ಟೇಷನ್ನಿನ ವೆಬ್‌ಸೈಟ್ ತೆರೆದು ಪ್ಲೇ ಬಟನ್ ಒತ್ತಿದರೆ ಮುಗಿಯಿತು. ರೇಡಿಯೋ ಗಾರ್ಡನ್ ಅನ್ನುವ ಆ್ಯಪ್‌ನಲ್ಲಿ ಭೂಗೋಳವನ್ನೇ ಬೆರಳಲ್ಲಿ ತಿರುಗಿಸಿ ಊರೂರಿನ ರೇಡಿಯೋ ಕೇಳಬಹುದು. ಮಕ್ಕಳಿಗೆ ತೋರಿಸಿ, ಫೋನ್ ವಾಪಸ್ ಸಿಗುವುದಿಲ್ಲ.

ಡೇಟಾ ಲೆಕ್ಕ ಸುಲಭ. ಮಾಮೂಲಿ 128 ಕೆಬಿಪಿಎಸ್ (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ) ಪ್ರಸಾರಕ್ಕೆ ಗಂಟೆಗೆ ಸುಮಾರು 58 ಎಂಬಿ. 320 ಕೆಬಿಪಿಎಸ್ ಆದರೆ 144 ಎಂಬಿ. 64 ಕೆಬಿಪಿಎಸ್‌ನ ಎಎಸಿ (ಧ್ವನಿಯನ್ನು ಚಿಕ್ಕದಾಗಿ ಅಡಕ ಮಾಡುವ ಒಂದು ವಿಧಾನ) ಪ್ರಸಾರ ಸಿಕ್ಕರೆ 29 ಎಂಬಿ ಸಾಕು, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳಲು ಅದು ಧಾರಾಳ. ರೀಲ್ಸ್ ನೋಡುವವರು ಡೇಟಾ ಚಿಂತೆ ಮಾಡುವ ಅಗತ್ಯವೇ ಇಲ್ಲ.

2003ರ ಸುಮಾರಿಗೆ ನಾನು ಮೈಸೂರಿನ ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ಇದೇ ಕೆಲಸ ಮಾಡುತ್ತಿದ್ದೆ. ಅರ್ಧ ನಿಮಿಷ ಹಾಡು, ಎರಡು ನಿಮಿಷ 'ಬಫರಿಂಗ್'. ಎಷ್ಟೋ ಹಾಡುಗಳ ಕೊನೆ ನನಗೆ ಗೊತ್ತಾಗಿದ್ದು ಹತ್ತು ವರ್ಷದ ಮೇಲೆ.

ತಲೆ ತಿನ್ನಬೇಡ, ಒಂದೇ ಒಂದು ಸ್ಟೇಷನ್ ಹೇಳು.

ಸಿಯಾಟಲ್‌ನ ಕೆಇಎಕ್ಸ್‌ಪಿ, 90.3 ಎಫ್‌ಎಂ.

ಇದು 1972ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕೆಸಿಎಂಯು ಅನ್ನುವ ಹೆಸರಿನಲ್ಲಿ ಶುರುವಾದ ವಿದ್ಯಾರ್ಥಿ ರೇಡಿಯೋ. 80ರ ದಶಕದಲ್ಲಿ ಅಲ್ಲಿ ಮೈಕ್ ಹಿಡಿದವರನ್ನು ನೋಡಿ: ಮುಂದೆ ಸಬ್ ಪಾಪ್ ರೆಕಾರ್ಡ್ ಕಂಪನಿ ಕಟ್ಟಿದ ಬ್ರೂಸ್ ಪ್ಯಾವಿಟ್ ಮತ್ತು ಜೊನಾಥನ್ ಪೋನ್‌ಮನ್, ಮಡ್‌ಹನಿಯ ಮಾರ್ಕ್ ಆರ್ಮ್, ಸೌಂಡ್‌ಗಾರ್ಡನ್‌ನ ಗಿಟಾರಿಸ್ಟ್ ಕಿಮ್ ಥಾಯಿಲ್. ಈ ಥಾಯಿಲ್ ಅವರ ತಂದೆ ತಾಯಿ ಕೇರಳದವರು. ಗ್ರಂಜ್ ಅನ್ನುವ ಸಿಯಾಟಲ್ ಸದ್ದಿನಲ್ಲಿ ನಮ್ಮ ಪಕ್ಕದ ಮನೆಯವರ ಕೈಯೂ ಇತ್ತು ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ. ನಿರ್ವಾಣದ ಮೊದಲ ಸಿಂಗಲ್ ಕೈಗೆ ಬಂದಾಗ ಅದರ ಗಾಯಕ ಕರ್ಟ್ ಕೋಬೇನ್ ಅದನ್ನು ಇದೇ ಸ್ಟೇಷನ್ನಿಗೆ ಕೊಟ್ಟು, ಊರಿಗೆ ಹೋಗುವ ದಾರಿಯಲ್ಲಿ ಟೆಲಿಫೋನ್ ಬೂತಿನಿಂದ ಕರೆ ಮಾಡಿ ತನ್ನ ಹಾಡನ್ನು ತಾನೇ ಕೇಳಿ ಹಾಕಿಸಿಕೊಂಡ ಅನ್ನುವ ಕಥೆ ಸಿಯಾಟಲ್‌ನಲ್ಲಿ ಎಲ್ಲರಿಗೂ ಗೊತ್ತು.

2001ರಲ್ಲಿ ಮೈಕ್ರೋಸಾಫ್ಟ್‌ನ ಪಾಲ್ ಅಲೆನ್ ಅವರ ನೆರವಿನಿಂದ ಹೆಸರು ಕೆಇಎಕ್ಸ್‌ಪಿ ಆಯಿತು. ಈಗ ಸ್ಪೇಸ್ ನೀಡಲ್ ಗೋಪುರದ ಹತ್ತಿರ, ಸಿಯಾಟಲ್ ಸೆಂಟರ್‌ನಲ್ಲಿ ಇದೆ. ಒಳಗೆ ಕಾಫಿ ಅಂಗಡಿ ಇದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಆ ಕಡೆ ಕೆಲಸ ಮಾಡುವ ಕನ್ನಡಿಗರು ಬೇಕಾದಷ್ಟು ಜನ ಇದ್ದೀರಿ, ಊರಿಂದ ಅಪ್ಪ ಅಮ್ಮ ಬಂದಾಗ ಸ್ಪೇಸ್ ನೀಡಲ್ ಮಾತ್ರ ತೋರಿಸಿ ವಾಪಸ್ ಬರಬೇಡಿ. ಸ್ಟುಡಿಯೋದಲ್ಲಿ ಬ್ಯಾಂಡುಗಳು ನುಡಿಸಿದ ವಿಡಿಯೋಗಳು ಯೂಟ್ಯೂಬ್‌ನಲ್ಲಿ ರಾಶಿ ಇವೆ. ಬಹಳ ಜನರಿಗೆ ಈ ಸ್ಟೇಷನ್ ಪರಿಚಯವಾಗುವುದೇ ಅಲ್ಲಿಂದ.

ಬೆಳಗಿನ ಶೋ ನಡೆಸುವವರು ಜಾನ್ ರಿಚರ್ಡ್ಸ್. ಅಲ್ಲಿ ಬೆಳಿಗ್ಗೆ 7 ಅಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ 8.30, ಬೇಸಿಗೆಯಲ್ಲಿ 7.30. ಚಪಾತಿ ಲಟ್ಟಿಸುವ ಹೊತ್ತಿಗೆ ಸರಿಯಾಗಿ ಬರುತ್ತದೆ.

## ಒಂದಿಷ್ಟು ಕೇಳಿ ಅಭ್ಯಾಸವಾದವರಿಗೆ

ಎಲ್ಲರೂ ಜಾನ್ ಪೀಲ್, ಜಾನ್ ಪೀಲ್ ಅಂತಾರೆ. ಯಾರಪ್ಪಾ ಅವರು?

ಬಿಬಿಸಿ ರೇಡಿಯೋ 1 ಹುಟ್ಟಿದ 1967ರಿಂದ ತಾನು ಸಾಯುವ 2004ರವರೆಗೆ ಅದೇ ಸ್ಟೇಷನ್ನಿನಲ್ಲಿ ಹಾಡು ಹಾಕಿದ ಮನುಷ್ಯ. ಗೊಣಗುವ ದನಿ. ಆಗಾಗ ರೆಕಾರ್ಡನ್ನು ತಪ್ಪು ವೇಗದಲ್ಲಿ ಹಾಕಿಬಿಡುತ್ತಿದ್ದರು. ಆದರೆ ಹೊಸ ಬ್ಯಾಂಡೊಂದು ಕ್ಯಾಸೆಟ್ ಕಳಿಸಿದರೆ ಕೇಳುತ್ತಿದ್ದರು. ಹಿಡಿಸಿದರೆ ಸ್ಟುಡಿಯೋಗೆ ಕರೆಸಿ ಒಂದೇ ದಿನದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿಸುತ್ತಿದ್ದರು. 'ಪೀಲ್ ಸೆಷನ್' ಅಂದರೆ ಇದೇ. ಇಂಥವು ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ. ಜಾಯ್ ಡಿವಿಷನ್, ದಿ ಸ್ಮಿತ್ಸ್, ಪಿಜೆ ಹಾರ್ವಿ ಎಲ್ಲರೂ ಆ ಬಾಗಿಲಿನಿಂದಲೇ ಒಳಗೆ ಬಂದವರು. 1978ರಲ್ಲಿ ದಿ ಅಂಡರ್‌ಟೋನ್ಸ್ ಬ್ಯಾಂಡಿನ ಒಂದು ಹಾಡು ಎಷ್ಟು ಹಿಡಿಸಿತೆಂದರೆ ಅದನ್ನು ಬೆನ್ನುಬೆನ್ನಿಗೆ ಎರಡು ಸಲ ಹಾಕಿದರು. ಅವರ ಸಮಾಧಿ ಕಲ್ಲಿನ ಮೇಲೆ ಅದೇ ಹಾಡಿನ ಸಾಲು ಕೆತ್ತಿದ್ದಾರೆ.

ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲೂ ಅವರ ಶೋ ಬರುತ್ತಿತ್ತು. ಮನೆಯಲ್ಲಿ ಶಾರ್ಟ್‌ವೇವ್ ಸೆಟ್ ಇದ್ದ ಹಳಬರಲ್ಲಿ ಕೆಲವರಿಗಾದರೂ, ಕರಕರ ಸದ್ದಿನ ನಡುವೆ, ಆ ದನಿ ನೆನಪಿರಬಹುದು.

ಬಿಬಿಸಿ 6 ಮ್ಯೂಸಿಕ್ ಮುಚ್ಚಿ ಹೋಯ್ತು ಅಂತ ಓದಿದ್ದೆ?

ಹಳೇ ಸುದ್ದಿ, ಅದೂ ಅರ್ಧ. ಈ ಸ್ಟೇಷನ್ 2002ರ ಮಾರ್ಚ್ 11ರಂದು ಡಿಜಿಟಲ್‌ನಲ್ಲಷ್ಟೇ ಶುರುವಾಯಿತು. ಎಫ್‌ಎಂನಲ್ಲಿ ಇಲ್ಲವೇ ಇಲ್ಲ. 2010ರಲ್ಲಿ ಖರ್ಚು ಉಳಿಸಲು ಮುಚ್ಚುತ್ತೇವೆ ಅಂತ ಬಿಬಿಸಿ ಹೇಳಿತು. ಕೇಳುಗರು ಬೀದಿಗಿಳಿದರು, ಸಂಗೀತಗಾರರು ಕೂಗೆಬ್ಬಿಸಿದರು. ಅದೇ ಜುಲೈನಲ್ಲಿ ಬಿಬಿಸಿಯ ಮೇಲುಸ್ತುವಾರಿ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಆ ಯೋಜನೆಯನ್ನು ತಳ್ಳಿಹಾಕಿತು. ತಮಾಷೆ ಅಂದರೆ ಮುಚ್ಚುವ ಗಲಾಟೆಯಿಂದಲೇ ಅದರ ಹೆಸರು ಎಷ್ಟೋ ಜನರ ಕಿವಿಗೆ ಬಿತ್ತು. ಈಗ ಕೇಳುಗರು ಇಪ್ಪತ್ತು ಲಕ್ಷ ದಾಟಿದ್ದಾರೆ. ಸ್ಟೀವ್ ಲಮ್ಯಾಕ್, ಮೇರಿ ಆ್ಯನ್ ಹಾಬ್ಸ್ ಅವರ ಹಳೆಯ ಶೋಗಳು ಸಿಕ್ಕರೆ ಬಿಡಬೇಡಿ. ಹಳೆಯ ರಾಕ್ ಗಾಯಕ ಇಗ್ಗಿ ಪಾಪ್ ಕೂಡ ಅಲ್ಲಿ ಡಿಜೆ. ಆ ಗಡಸು ದನಿಯ ಅಜ್ಜ ಪ್ರೀತಿಯಿಂದ ಹೊಸ ಹುಡುಗರ ಹಾಡು ಹಾಕುವುದನ್ನು ಕೇಳಬೇಕು.

ಆಸ್ಟ್ರೇಲಿಯಾದ ಕಸಿನ್ ಜನವರಿ ಬಂದ್ರೆ 'ಹಾಟೆಸ್ಟ್ 100' ಅಂತ ಹುಚ್ಚು ಹಿಡಿಸ್ಕೋತಾಳೆ. ಏನದು?

ಟ್ರಿಪಲ್ ಜೆ ಸ್ಟೇಷನ್ನಿನ ವರ್ಷದ ಲೆಕ್ಕ. ಕಳೆದ ವರ್ಷದ ಹಾಡುಗಳಿಗೆ ಕೇಳುಗರು ಓಟು ಹಾಕುತ್ತಾರೆ. ನೂರರಿಂದ ಒಂದರವರೆಗೆ ಇಳಿದುಕೊಂಡು ದಿನವಿಡೀ ಪ್ರಸಾರ. ಮನೆ ಹಿತ್ತಲಿನಲ್ಲಿ ಬಾರ್ಬೆಕ್ಯೂ ಹಚ್ಚಿಕೊಂಡು ಗೆಳೆಯರೆಲ್ಲ ಕೂಡಿ ಕೇಳುವ ಹಬ್ಬ ಅದು. ಮುಂಚೆ ಜನವರಿ 26ರಂದು, ಆಸ್ಟ್ರೇಲಿಯಾ ಡೇ ದಿನವೇ ನಡೆಯುತ್ತಿತ್ತು. ಆ ದಿನ ಅಲ್ಲಿನ ಮೂಲನಿವಾಸಿಗಳಿಗೆ ನೋವಿನ ದಿನ. 2018ರಿಂದ ಬೇರೆ ದಿನಕ್ಕೆ ಹೋಯಿತು.

ಸ್ಟೇಷನ್ ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಗೆ ಸೇರಿದ್ದು. 1975ರ ಜನವರಿ 19ರಂದು ಸಿಡ್ನಿಯಲ್ಲಿ 'ಡಬಲ್ ಜೇ' ಅನ್ನುವ ಹೆಸರಿನಲ್ಲಿ ಶುರುವಾಯಿತು. ಮೊದಲು ಹಾಕಿದ್ದು ಸ್ಕೈಹುಕ್ಸ್ ಬ್ಯಾಂಡಿನ ಹಾಡು, ಖಾಸಗಿ ರೇಡಿಯೋಗಳು ಹಾಕುವುದಿಲ್ಲ ಎಂದು ಬಾಗಿಲು ಹಾಕಿದ್ದ ಹಾಡು. ಸರ್ಕಾರಿ ದುಡ್ಡಿನಲ್ಲಿ ಇಂಥ ತುಂಟತನ! ನಮ್ಮ ಆಕಾಶವಾಣಿಯಲ್ಲಿ ಊಹಿಸಿಕೊಳ್ಳಿ. ಹೊಸ ಹಾಡುಗಾರರನ್ನು ಹುಡುಕುವ ಅವರ 'ಅನ್‌ಅರ್ಥ್‌ಡ್' ವಿಭಾಗದಿಂದ ಮಿಸ್ಸಿ ಹಿಗಿನ್ಸ್ ಥರದವರು ಬಂದರು. ಶುಕ್ರವಾರದ 'ಲೈಕ್ ಎ ವರ್ಷನ್' ಕೂಡ ಕೇಳಿ, ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ಥರ ಹಾಡುತ್ತಾರೆ. ಯೂಟ್ಯೂಬ್‌ನಲ್ಲಿ ಇದೆ.

ಈಗಷ್ಟೇ ಅಮೆರಿಕಕ್ಕೆ ಬಂದಿದ್ದೀನಿ. ಕಾರಲ್ಲಿ ಯಾವ ನಂಬರ್ ತಿರುಗಿಸಲಿ?

ಯಾವ ಊರಾದರೂ ಮೊದಲು ಡಯಲ್‌ನ ಎಡತುದಿಗೆ ಹೋಗಿ. 88ರಿಂದ 92ರವರೆಗಿನ ಜಾಗವನ್ನು ಅಲ್ಲಿ ಲಾಭಕ್ಕಲ್ಲದ ಸ್ಟೇಷನ್‌ಗಳಿಗೆ ಕಾದಿಟ್ಟಿದ್ದಾರೆ. ಕಾಲೇಜು ರೇಡಿಯೋ, ಪಬ್ಲಿಕ್ ರೇಡಿಯೋ, ಚರ್ಚ್ ರೇಡಿಯೋ ಎಲ್ಲ ಅಲ್ಲೇ ಸಿಗುತ್ತವೆ. ಭಜನೆ ಬಂದರೆ ಒಂದು ಹೆಜ್ಜೆ ಮುಂದೆ ಸರಿಯಿರಿ.

ಮಿನಿಯಾಪೊಲಿಸ್ ಕಡೆಯವರಿಗೆ 89.3 ದಿ ಕರೆಂಟ್. 2005ರಲ್ಲಿ ಶುರುವಾಯಿತು. 2016ರ ಏಪ್ರಿಲ್‌ನಲ್ಲಿ ಆ ಊರಿನ ಮಗ ಪ್ರಿನ್ಸ್ ತೀರಿಕೊಂಡಾಗ ಒಂದು ದಿನಕ್ಕೂ ಮೀರಿ ಬರೀ ಅವರ ಹಾಡನ್ನೇ ಹಾಕಿದರು. ಫಿಲಡೆಲ್ಫಿಯಾದಲ್ಲಿ 88.5 ಡಬ್ಲ್ಯುಎಕ್ಸ್‌ಪಿಎನ್. ನ್ಯೂಜೆರ್ಸಿಯವರ ಪುಣ್ಯ ದೊಡ್ಡದು, 91.1 ಡಬ್ಲ್ಯುಎಫ್‌ಎಂಯು ಅವರ ಹತ್ತಿರವೇ ಇದೆ. ಅದರ ವಿಷಯ ಕೆಳಗೆ ಬೇರೆಯೇ ಬರೆದಿದ್ದೇನೆ.

ಲಾಸ್ ಏಂಜಲೀಸ್‌ನಲ್ಲಿ 106.7 ಕೆಆರ್‌ಒಕ್ಯೂ ಇದೆ. ಜಾಹೀರಾತು ಇರುವ ವಾಣಿಜ್ಯ ಸ್ಟೇಷನ್, ಆದರೆ ಚರಿತ್ರೆ ದೊಡ್ಡದು. 1976ರಿಂದ ರಾಡ್ನಿ ಬಿಂಗನ್‌ಹೈಮರ್ ಅಲ್ಲಿ ಪಂಕ್ ಹಾಡುಗಳನ್ನು ಹಾಕುತ್ತಿದ್ದರು. ಸ್ಯಾನ್ ಡಿಯೇಗೋದಲ್ಲಿ 91ಎಕ್ಸ್ ಕೇಳಿ, 1983ರಿಂದ ಇದೇ ಸಂಗೀತ. ಅದರ ಟವರ್ ಇರುವುದು ಗಡಿಯಾಚೆ, ಮೆಕ್ಸಿಕೋದ ತಿಹುವಾನಾದಲ್ಲಿ. ಹಾಗಾಗಿ ಆ ದೇಶದ ಕಾನೂನಿನಂತೆ ದಿನಾ ಮೆಕ್ಸಿಕೋದ ರಾಷ್ಟ್ರಗೀತೆಯನ್ನೂ ಹಾಕಲೇಬೇಕು. ನಡುರಾತ್ರಿ ಗ್ರಂಜ್ ಹಾಡಿನ ಬೆನ್ನಿಗೆ ರಾಷ್ಟ್ರಗೀತೆ ಬಂದರೆ ಹೆದರಬೇಡಿ.

ಕೆನಡಾದವರಿಗೆ ಒಂದು ಮಾತು. ಟೊರಾಂಟೊದ 102.1 ಸಿಎಫ್‌ಎನ್‌ವೈ ಮೊದಲಿನ ಹಾಗಿಲ್ಲ ಅಂತ ಹಳಬರು ಗೊಣಗುತ್ತಾರೆ. ರಶ್ ಬ್ಯಾಂಡಿನ 1980ರ ಹೆಸರಾಂತ ಹಾಡೊಂದರ ಹೆಸರು ಈ ಸ್ಟೇಷನ್ನಿನ ಘೋಷವಾಕ್ಯದಿಂದಲೇ ಬಂದದ್ದು.

ಮಾತು ಬೇಡ, ಜಾಹೀರಾತು ಬೇಡ, ಕೆಲಸ ಮಾಡ್ತಾ ಕೇಳ್ಬೇಕು. ಅಂಥದ್ದು ಇದೆಯಾ?

ಎರಡಿವೆ. ಸೋಮಾ ಎಫ್‌ಎಂ 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಸ್ಟಿ ಹಾಜ್ ಶುರು ಮಾಡಿದ್ದು. ಹಲವು ಚಾನೆಲ್‌ಗಳಿವೆ. ನಮ್ಮವರಿಗೆ 'ಇಂಡೀ ಪಾಪ್ ರಾಕ್ಸ್' ಮತ್ತು 'ಅಂಡರ್‌ಗ್ರೌಂಡ್ 80ಸ್' ಸಾಕು. ರೇಡಿಯೋ ಪ್ಯಾರಡೈಸ್ ಕೂಡ ಅದೇ ವರ್ಷದ್ದು. ಬಿಲ್ ಮತ್ತು ರೆಬೆಕಾ ಗೋಲ್ಡ್‌ಸ್ಮಿತ್ ದಂಪತಿ ಮನೆಯಿಂದಲೇ ನಡೆಸಿಕೊಂಡು ಬಂದದ್ದು. ಅಲ್ಲಿ ಫ್ಲ್ಯಾಕ್ (ಮೂಲ ಧ್ವನಿಯಲ್ಲಿ ಏನೂ ಕಳೆಯದ) ಗುಣಮಟ್ಟದ ಪ್ರಸಾರವೂ ಉಂಟು. ಒಳ್ಳೆಯ ಸ್ಪೀಕರ್ ಇದ್ದರೆ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಇದಕ್ಕೆ ವೈಫೈ ಬಳಸಿ. ನನ್ನ ಕಿವಿಗೆ ರೇಡಿಯೋ ಪ್ಯಾರಡೈಸ್ ಸ್ವಲ್ಪ ನಯ ಜಾಸ್ತಿ. ಕೋಡ್ ಬರೆಯುವ ಗೆಳೆಯರಿಗೆ ಅದೇ ಬೇಕಂತೆ.

ಬೆಂಗಳೂರನ್ನ ರಾಕ್ ರಾಜಧಾನಿ ಅಂತಾರೆ. ಮತ್ತೆ ಒಂದು ರಾಕ್ ಸ್ಟೇಷನ್ ಯಾಕಿಲ್ಲ?

ಬ್ಯಾಂಡುಗಳಿಗೆ ಬರವಿಲ್ಲ. ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಿಂದ ಇದೆ. ಸ್ವರಾತ್ಮ ಇದೆ, ರಘು ದೀಕ್ಷಿತ್ ಇದ್ದಾರೆ. ಆಗಸ್ಟ್ 15ರ ಆಸುಪಾಸಿನಲ್ಲಿ ಫ್ರೀಡಂ ಜ್ಯಾಮ್ ಅನ್ನುವ ಸಂಗೀತ ಹಬ್ಬ ನಡೆಯುವ ಊರು ಇದು. ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಸಿಟಿ ಶುರುವಾಗಿದ್ದೂ 2001ರಲ್ಲಿ ಇಲ್ಲೇ.

ತೊಡಕಿರುವುದು ಲೆಕ್ಕದಲ್ಲಿ. ನಮ್ಮಲ್ಲಿ ಎಫ್‌ಎಂ ತರಂಗಾಂತರ ಊರೂರಿಗೆ ಹರಾಜಾಗುತ್ತದೆ. ಕೋಟಿಗಟ್ಟಲೆ ಕೊಟ್ಟವರು ಎಲ್ಲರೂ ಕೇಳುವ ಸಿನಿಮಾ ಹಾಡನ್ನೇ ಹಾಕುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. 91.9ರಲ್ಲಿ ರೇಡಿಯೋ ಇಂಡಿಗೋ ಇಂಗ್ಲಿಷ್ ಹಾಡುಗಳಿಗೆಂದೇ ಬಂದಾಗ ನಮಗೆಲ್ಲ ಹಬ್ಬ. ಆದರೆ ಅದರ ಒಲವು ಪಾಪ್ ಕಡೆಗೆ. ಕಾಲೇಜುಗಳಿಗೆ ಸಮುದಾಯ ರೇಡಿಯೋ ಪರವಾನಗಿ ಸಿಗುತ್ತದೆ. ಬೆಂಗಳೂರಿನಲ್ಲೇ 90.4 ರೇಡಿಯೋ ಆ್ಯಕ್ಟಿವ್ ಇದೆ. ಆದರೆ ಆ ಪರವಾನಗಿಯ ಉದ್ದೇಶವೇ ಬೇರೆ: ಸುತ್ತಲಿನ ಜನರ ಆರೋಗ್ಯ, ಶಿಕ್ಷಣ, ದಿನನಿತ್ಯದ ಬದುಕು. ಅಮೆರಿಕದ ಹಾಗೆ ಹುಡುಗರು ರಾತ್ರಿಯಿಡೀ ಮನಸ್ಸಿಗೆ ಬಂದ ರೆಕಾರ್ಡ್ ಹಾಕುವ ಜಾಗ ಅದಲ್ಲ.

## ಹುಚ್ಚು ಹಿಡಿದ ಮೇಲೆ

ಹೋದ ತಿಂಗಳು ಕೇಳಿದ ಶೋ ಮತ್ತೆ ಹುಡುಕಿದ್ರೆ ಸಿಗ್ತಿಲ್ಲ. ಅಳಿಸಿಬಿಟ್ರಾ?

ಅಳಿಸದಿದ್ದರೆ ಕಾನೂನಿನ ತೊಂದರೆ. ಅಮೆರಿಕದಲ್ಲಿ ಇಂಟರ್‌ನೆಟ್ ರೇಡಿಯೋಗೆ ಕಾನೂನಿನ ಮೂಲಕವೇ ಸಿಗುವ ಒಂದು ಸಾಮಾನ್ಯ ಪರವಾನಗಿ ಇದೆ. ಅದರಲ್ಲಿ ಹಾಡಿಗೊಂದರಂತೆ ಒಪ್ಪಿಗೆ ಕೇಳುವ ಗೋಜಿಲ್ಲ, ಬದಲಿಗೆ ಷರತ್ತುಗಳಿವೆ. ಹಳೆಯ ಶೋಗಳನ್ನು ಎರಡು ವಾರಕ್ಕಿಂತ ಜಾಸ್ತಿ ಇಡುವಂತಿಲ್ಲ. ಕೆಇಎಕ್ಸ್‌ಪಿಯ ಸಂಗ್ರಹ ಎರಡೇ ವಾರಕ್ಕೆ ನಿಲ್ಲುವುದು ಇದಕ್ಕೇ. ಮೂರು ಗಂಟೆಯೊಳಗೆ ಒಂದೇ ಆಲ್ಬಮ್‌ನಿಂದ ಮೂರಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ, ಅದರಲ್ಲೂ ಎರಡಕ್ಕಿಂತ ಜಾಸ್ತಿ ಬೆನ್ನುಬೆನ್ನಿಗೆ ಬರುವಂತಿಲ್ಲ. ಜನ ರೇಡಿಯೋವನ್ನೇ ಪುಕ್ಕಟೆ ಅಂಗಡಿ ಮಾಡಿಕೊಂಡಾರು ಅನ್ನುವ ಭಯ.

ಒಂದು ವಿಚಿತ್ರ ಕೇಳಿ. ಅಮೆರಿಕದಲ್ಲಿ ಅದೇ ಹಾಡು ಎಫ್‌ಎಂನಲ್ಲಿ ಬಂದರೆ ಹಾಡು ಬರೆದವರಿಗೆ ಮಾತ್ರ ದುಡ್ಡು, ಹಾಡಿದವರಿಗೆ ಇಲ್ಲ. ಇಂಟರ್‌ನೆಟ್‌ನಲ್ಲಿ ಬಂದರೆ ಇಬ್ಬರಿಗೂ.

ಶೋ ಬೇಕೇ ಬೇಕು ಅಂದರೆ ಸ್ಟೇಷನ್ನಿನ ವೆಬ್‌ಸೈಟ್‌ನಲ್ಲಿ ಹಾಡುಗಳ ಪಟ್ಟಿ ಇರುತ್ತದೆ. ಧ್ವನಿ ಹೋದರೂ ಬಹಳಷ್ಟು ಕಡೆ ಪಟ್ಟಿ ಉಳಿದಿರುತ್ತದೆ. ಕೂತು ಒಂದೊಂದೇ ಹುಡುಕಿ.

'ನಿಮ್ಮ ದೇಶದಲ್ಲಿ ಲಭ್ಯವಿಲ್ಲ' ಅಂತ ಬರ್ತಿದೆ. ಏನ್ ಮಾಡ್ಲಿ?

ಹಾಡಿನ ಹಕ್ಕು ದೇಶ ದೇಶಕ್ಕೆ ಬೇರೆ. ಕೆಆರ್‌ಒಕ್ಯೂ ಥರದ ವಾಣಿಜ್ಯ ಸ್ಟೇಷನ್‌ಗಳಿಗೆ ಜಾಹೀರಾತೂ ಸ್ಥಳೀಯವೇ. ಲಾಸ್ ಏಂಜಲೀಸ್‌ನ ಕಾರ್ ಷೋರೂಮಿನವನಿಗೆ ದಾವಣಗೆರೆಯ ಕೇಳುಗನಿಂದ ಏನೂ ಲಾಭವಿಲ್ಲ, ಹಾಗಾಗಿ ಬಾಗಿಲು ಹಾಕಿಬಿಡುತ್ತಾರೆ. ಬಿಬಿಸಿ ಸೌಂಡ್ಸ್ ಆ್ಯಪ್ ಕೂಡ 2025ರ ಜುಲೈನಲ್ಲಿ ಹೊರದೇಶದವರಿಗೆ ನಿಂತಿತು. 6 ಮ್ಯೂಸಿಕ್ ಬೇಕಿದ್ದವರು ಬಿಬಿಸಿಯ ವೆಬ್‌ಸೈಟ್ ಕಡೆ ನೋಡಬೇಕು. ಕೇಳುಗರ ಕಾಣಿಕೆಯಿಂದ ನಡೆಯುವ ಕೆಇಎಕ್ಸ್‌ಪಿ, ಡಬ್ಲ್ಯುಎಫ್‌ಎಂಯು, ಸೋಮಾ ಎಫ್‌ಎಂ ಕಡೆ ಈ ರಗಳೆ ಇಲ್ಲ. ಬಾಗಿಲು ಬಡಿಯುತ್ತಾ ಕೂರುವುದಕ್ಕಿಂತ ತೆರೆದ ಮನೆಗೆ ಹೋಗುವುದು ಮೇಲು.

ನಾನು ಕೇಳ್ತಿದ್ದ ಸ್ಟೇಷನ್ ರಾತ್ರೋರಾತ್ರಿ ಬೇರೆ ಏನೋ ಆಗ್ಬಿಟ್ಟಿದೆ. ಹೀಗೂ ಮಾಡ್ತಾರಾ?

ಮಾಡುತ್ತಾರೆ. 1996ರಲ್ಲಿ ಅಮೆರಿಕದ ಕಾನೂನು ಬದಲಾಗಿ, ಒಂದು ಕಂಪನಿ ದೇಶದಲ್ಲಿ ಎಷ್ಟು ಸ್ಟೇಷನ್ ಬೇಕಾದರೂ ಇಟ್ಟುಕೊಳ್ಳಬಹುದು ಅಂತಾಯಿತು. ಅಲ್ಲಿಂದ ಸ್ಟೇಷನ್ ಅಂದರೆ ಸೈಟು, ಕೊಂಡವರು ಮಾರುತ್ತಾರೆ. ಬಾಸ್ಟನ್‌ನ ಡಬ್ಲ್ಯುಎಫ್‌ಎನ್‌ಎಕ್ಸ್ 1983ರಿಂದ ಇದೇ ಸಂಗೀತ ಹಾಕುತ್ತಿತ್ತು. 2012ರಲ್ಲಿ ಮಾರಾಟವಾಯಿತು. ಓಹಾಯೊದ ಆಕ್ಸ್‌ಫರ್ಡ್ ಅನ್ನುವ ಪುಟ್ಟ ಊರಿನ 97ಎಕ್ಸ್ 2004ರಲ್ಲಿ ಎಫ್‌ಎಂ ಬಿಟ್ಟು, ಇಂಟರ್‌ನೆಟ್‌ನಲ್ಲಿ ಉಸಿರು ಹಿಡಿದುಕೊಂಡು 2010ರವರೆಗೆ ಬದುಕಿತು. ಅದರ ಕೊನೆಯ ವರ್ಷಗಳಲ್ಲಿ ನಾನೂ ಕೇಳುಗ. ಒಂದು ದಿನ ಲಿಂಕ್ ಒತ್ತಿದೆ, ಬರೀ ಮೌನ.

ಡಬ್ಲ್ಯುಎಫ್‌ಎಂಯು ಕಥೆ ಇದಕ್ಕೆ ತಿರುಗಾಮುರುಗಾ. 1958ರಲ್ಲಿ ಅಪ್ಸಾಲಾ ಕಾಲೇಜಿನ ರೇಡಿಯೋ ಆಗಿ ಹುಟ್ಟಿತು. 1995ರಲ್ಲಿ ಕಾಲೇಜೇ ಮುಚ್ಚಿತು, ರೇಡಿಯೋ ಉಳಿಯಿತು! ಕೇಳುಗರೂ ಸಿಬ್ಬಂದಿಯೂ ಸೇರಿ ಅಷ್ಟರಲ್ಲಿ ಪರವಾನಗಿಯನ್ನು ತಮ್ಮ ಕೈಗೆ ತಂದುಕೊಂಡಿದ್ದರು. ಜಾಹೀರಾತಿಲ್ಲ. ವರ್ಷಕ್ಕೊಮ್ಮೆ 'ಮ್ಯಾರಥಾನ್' ಅಂತ ನಿಧಿ ಕೂಡಿಸುತ್ತಾರೆ. ಡಿಜೆಗೆ ಏನು ಹಾಕು ಅಂತ ಯಾರೂ ಹೇಳುವಂತಿಲ್ಲ. ಹಾಗಾಗಿ ಒಂದು ಗಂಟೆ ಚಿನ್ನ, ಇನ್ನೊಂದು ಗಂಟೆ ಬರೀ ಬಾಗಿಲು ಕಿರ್ರೆನ್ನುವ ಸದ್ದು. ಎರಡಕ್ಕೂ ತಯಾರಾಗಿ ಹೋಗಿ.

ನಮ್ಮದೂ ಒಂದು ಬ್ಯಾಂಡ್ ಇದೆ, ಕನ್ನಡದಲ್ಲೇ ಹಾಡ್ತೀವಿ. ಇಂಥ ಸ್ಟೇಷನ್‌ಗಳಿಗೆ ಕಳಿಸಿದ್ರೆ ಹಾಕ್ತಾರಾ?

ಭಾಷೆ ಅಡ್ಡಿಯಲ್ಲ. ಕೆಇಎಕ್ಸ್‌ಪಿಯಲ್ಲಿ ಸ್ಪ್ಯಾನಿಷ್ ಹಾಡುಗಳಿಗೆಂದೇ 'ಎಲ್ ಸೊನಿಡೊ' ಅನ್ನುವ ಶೋ ಇದೆ. ಐಸ್‌ಲ್ಯಾಂಡಿನ ಭಾಷೆಯಲ್ಲಿ ಹಾಡುವವರೂ ಅಲ್ಲಿ ಬರುತ್ತಾರೆ. ರಘು ದೀಕ್ಷಿತ್ 2010ರಲ್ಲಿ ಬಿಬಿಸಿ ಟಿವಿಯ ಜೂಲ್ಸ್ ಹಾಲೆಂಡ್ ಸಂಗೀತ ಶೋನಲ್ಲಿ ಲುಂಗಿ, ಗೆಜ್ಜೆ ತೊಟ್ಟೇ ಹಾಡಿದರು.

ಕಳಿಸುವ ಮುಂಚೆ ನಿಯಮ ಓದಿ. ಟ್ರಿಪಲ್ ಜೆಯ ಅನ್‌ಅರ್ಥ್‌ಡ್ ಆಸ್ಟ್ರೇಲಿಯಾದವರಿಗೆ ಮಾತ್ರ, ಅಂಥದ್ದೇ ಆದ ಬಿಬಿಸಿ ಇಂಟ್ರೊಡ್ಯೂಸಿಂಗ್ ಬ್ರಿಟನ್ನಿನವರಿಗೆ ಮಾತ್ರ. ಎಲ್ಲರಿಗೂ ಒಂದೇ ಮೇಲ್ ಕಳಿಸಬೇಡಿ. ಒಂದು ಶೋ ಆರಿಸಿ, ಒಂದು ತಿಂಗಳು ಕೇಳಿ, ಆ ಡಿಜೆಗೆ ಹಿಡಿಸಬಹುದಾದ ಒಂದೇ ಹಾಡು ಕಳಿಸಿ. ಫೈಲಿನೊಳಗೆ ಬ್ಯಾಂಡಿನ ಹೆಸರು, ಹಾಡಿನ ಹೆಸರು, ವರ್ಷ ತುಂಬಿರಬೇಕು. 'ಟ್ರ್ಯಾಕ್ 01 ಫೈನಲ್ ಫೈನಲ್' ಅಂತ ಹೋದದ್ದನ್ನು ಯಾರೂ ತೆರೆಯುವುದಿಲ್ಲ. ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತಲೂ ಬರೆಯಿರಿ, 'ಳ' ಇದ್ದರಂತೂ ಖಂಡಿತ. ಹಾಡಿನಲ್ಲಿ ಬೈಗುಳ ಇದ್ದರೆ ಮುಂಚೆಯೇ ತಿಳಿಸಿ, ಯಾಕೆಂದರೆ ಅಮೆರಿಕದ ಎಫ್‌ಎಂನಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಅಸಭ್ಯ ಮಾತು ಹಾಕುವಂತಿಲ್ಲ. ಕನ್ನಡದ ಬೈಗುಳ ಅವರಿಗೆ ಅರ್ಥವಾಗುವುದಿಲ್ಲ ಅಂತ ನಮ್ಮ ಡ್ರಮ್ಮರ್ ಗೆಳೆಯನೊಬ್ಬ ವಾದ ಮಾಡಿದ. ಅಲ್ಲಿ ಕೇಳುವವರಲ್ಲಿ ನಮ್ಮೂರಿನವರೂ ಇರುತ್ತಾರೆ ಮಾರಾಯಾ ಅಂದೆ. ಆಮೇಲೆ ಆ ಸಾಲು ತೆಗೆದ.